ಹೊಟ್ಟೆಯಲ್ಲಿರುವ ಕೂಸಿನ ಮೂತ್ರಪಿಂಡ

(ಬಾಪೂಜಿ ನಗರದಲ್ಲಿ ಗರ್ಭಿಣಿಯರಿಗೂ ಅವರ ಮನೆಯವರಿಗೂ ಹೇಳಿದ ಆರೋಗ್ಯ ತಿಳುವಳಿಕೆಯ ಮಾತು)



ಸ್ಕ್ಯಾನಿಂಗ್‌ನಲ್ಲಿ "ಮಗುವಿನ ಕಿಡ್ನಿ ಊದಿದೆ", "ನೀರು ಕಡಿಮೆ ಇದೆ" ಎಂದ ಕೂಡಲೇ ಕೆಲವು ಮನೆಗಳಲ್ಲಿ, "ಗ್ರಹಣದ ದಿನ ಇವಳು ಹೊರಗೆ ಬಂದಿದ್ದಳು" ಎನ್ನುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಗ್ರಹಣಕ್ಕೂ ಮೂತ್ರಪಿಂಡಕ್ಕೂ ಸಂಬಂಧವಿಲ್ಲ. ನೊಂದ ತಾಯಿಯನ್ನು ಇನ್ನಷ್ಟು ನೋಯಿಸಬೇಡಿ.

ಗರ್ಭದ ನೀರು ಎಲ್ಲಿಂದ ಬರುತ್ತದೆ? ಸುಮಾರು ಮೂರನೇ ತಿಂಗಳಿಗೆ ಕೂಸು ಮೂತ್ರ ಮಾಡಲು ಆರಂಭಿಸುತ್ತದೆ. ಐದನೇ ತಿಂಗಳ ನಂತರ ಗರ್ಭದ ನೀರಿನ ಬಹುಪಾಲು ಆ ಮೂತ್ರವೇ. ಕೂಸಿನ ಶ್ವಾಸಕೋಶ ಬೆಳೆಯಲು ಈ ನೀರು ಬೇಕು. ಎರಡು ಮೂತ್ರಪಿಂಡಗಳೂ ಇಲ್ಲದಿದ್ದರೆ ನೀರು ಬತ್ತುತ್ತದೆ, ಶ್ವಾಸಕೋಶ ಬಲಿಯುವುದಿಲ್ಲ, ಹುಟ್ಟಿದ ಕೂಸು ಉಸಿರಾಡಲು ಆಗದೆ ಉಳಿಯುವುದು ಬಹಳ ಕಷ್ಟ. ಆದರೆ ಇದು ಅಪರೂಪ.

ಒಂದೇ ಮೂತ್ರಪಿಂಡವಿದ್ದು ಅದು ಚೆನ್ನಾಗಿದ್ದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಸ್ವಲ್ಪ ಊದಿಕೊಂಡಿದ್ದರೆ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಗಂಡು ಮಕ್ಕಳಲ್ಲಿ ಕೆಲವೊಮ್ಮೆ ಮೂತ್ರನಾಳಕ್ಕೆ ಪೊರೆ ಅಡ್ಡವಾಗಿರುತ್ತದೆ. ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು.

ನೀವು ಮಾಡಬೇಕಾದದ್ದು:

1. 18ರಿಂದ 20 ವಾರದೊಳಗಿನ ಸ್ಕ್ಯಾನ್ ತಪ್ಪಿಸಬೇಡಿ. ವರದಿಯನ್ನು ತಾಯಿ ಕಾರ್ಡ್ ಜೊತೆಯಲ್ಲೇ ಇಡಿ.

2. ಬಿ.ಪಿ. ಮಾತ್ರೆ ನುಂಗುತ್ತಿದ್ದರೆ ಗರ್ಭ ನಿಂತ ಕೂಡಲೇ ವೈದ್ಯರಿಗೆ ತೋರಿಸಿ. ಎನಾಲಪ್ರಿಲ್, ಟೆಲ್ಮಿಸಾರ್ಟನ್‌ನಂಥವು ಕೂಸಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ವೈದ್ಯರು ಬೇರೆ ಮಾತ್ರೆ ಕೊಡುತ್ತಾರೆ. ಮೆಡಿಕಲ್ ಶಾಪಿನಿಂದ ನೀವಾಗಿಯೇ ನೋವಿನ ಮಾತ್ರೆ ತರಬೇಡಿ.

3. ಸೋದರಮಾವ, ಅತ್ತೆಯ ಮಗ ಹೀಗೆ ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಮುಚ್ಚಿಡದೆ ಹೇಳಿ. ಮೂತ್ರಪಿಂಡದ ಕೆಲವು ಕಾಯಿಲೆಗಳು ತಂದೆ ತಾಯಿ ಇಬ್ಬರಿಂದಲೂ ಸೇರಿ ಬರುತ್ತವೆ. ಅಂಥಲ್ಲಿ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ.

4. ಹುಟ್ಟಿದ ಮೊದಲೆರಡು ದಿನದ ಸ್ಕ್ಯಾನ್ ಸರಿ ಇದೆಯೆಂದು ಸುಮ್ಮನಾಗಬೇಡಿ. ಆಗ ಮಗು ಮೂತ್ರ ಮಾಡುವುದೇ ಕಡಿಮೆ, ಊತ ಕಾಣದೇ ಇರಬಹುದು. ವೈದ್ಯರು ಹೇಳಿದ ದಿನ ಮತ್ತೆ ಮಾಡಿಸಿ.

5. ಗಂಡು ಮಗುವಿಗೆ ಧಾರೆ ಬಾರದೆ ಮೂತ್ರ ತೊಟ್ಟಿಕ್ಕಿದರೆ, ನೆಗಡಿ ಕೆಮ್ಮಿಲ್ಲದೆ ಜ್ವರ ಬಂದರೆ, ಅಂದೇ ಕರೆತನ್ನಿ.

ಹೆಚ್ಚಿನ ಚಿಕಿತ್ಸೆ ಬೇಕಾದರೆ ದೂರ ಹೋಗಬೇಕಿಲ್ಲ. ಹೆರಿಗೆಗೆ ವಾಣಿವಿಲಾಸ ಆಸ್ಪತ್ರೆ, ಮಗುವಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಎರಡೂ ನಮ್ಮ ಬೆಂಗಳೂರಿನಲ್ಲೇ ಇವೆ. ಸಂದೇಹವಿದ್ದರೆ ಸಂಕೋಚಪಡದೆ ನಮ್ಮನ್ನು ಕೇಳಿ. ತಾಯಿಗೆ ಧೈರ್ಯ ಹೇಳುವುದೂ ಚಿಕಿತ್ಸೆಯ ಒಂದು ಭಾಗವೇ.