ತೆರೆ ಹಿಡಿದ ಕೈಗಳು ಕಾಣಲಿ



ಪ್ರಯೋಗಶೀಲ ರಂಗಭೂಮಿಯಲ್ಲಿ ಮಾಯೆ ಮತ್ತು ಪುರಾಣದ ಬಗ್ಗೆ ಮಾತನಾಡಲು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ನಂದಿದುರ್ಗ ಗಣಿಯ ಈ ನೆಲ ತಕ್ಕುದು. ಚಿನ್ನವೆಂದರೆ ಹೊರಗಿನವರಿಗೆ ಹೊಳಪು. ಕೆಜಿಎಫ್‌ನವರಿಗೆ ಶಾಫ್ಟು, ಪಾಳಿ, ಸೈನೈಡ್ ದಿಬ್ಬ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಒಂದು ಟನ್ ಅದಿರು ಅರೆದರೂ ಸಿಗುತ್ತಿದ್ದುದು ಕೆಲವೇ ಗ್ರಾಂ. ಬೆರಗಿನ ಹಿಂದಿನ ದುಡಿಮೆ ಇವರಿಗೆ ಗೊತ್ತು. ನನ್ನ ಮಾತಿನ ತಿರುಳೂ ಅದೇ: ರಂಗದ ಮಾಯೆ ತನ್ನ ದುಡಿಮೆಯನ್ನು ಮುಚ್ಚಿಡಬೇಕಾಗಿಲ್ಲ.

ಆರ್ಕಾಟು, ಚಿತ್ತೂರು ಕಡೆಯಿಂದ ಗಣಿ ಕೆಲಸಕ್ಕೆ ಬಂದ ಕುಟುಂಬಗಳ ಬಳಿ ತಮಿಳಿನ ಬೀದಿಯಾಟ ತೆರುಕ್ಕೂತ್ತು ಇತ್ತು. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಮೂಡಲಪಾಯ ಬಯಲಾಟದ ಕೇಳಿಕೆ ಇತ್ತು. ಭಾಷೆ ಬೇರೆಯಾದರೂ ಎರಡರಲ್ಲೂ ಪಾತ್ರ ಬರುವುದು ತೆರೆಯ ಮರೆಯಿಂದ. ಇಬ್ಬರು ಒಂದು ಬಟ್ಟೆ ಹಿಡಿದು ನಿಲ್ಲುತ್ತಾರೆ. ಮೊದಲು ಗೆಜ್ಜೆ ಕೇಳುತ್ತದೆ, ಆಮೇಲೆ ಕಿರೀಟ ಕಾಣುತ್ತದೆ. ಹಿಡಿದವರು ನಮ್ಮೂರವರೇ, ವೇಷದ ಒಳಗಿರುವವನೂ ಪರಿಚಿತನೇ. ಆದರೂ ತೆರೆ ಸರಿದಾಗ ದುರ್ಯೋಧನ ಬಂದೇ ಬರುತ್ತಾನೆ.

ಕಂಪನಿ ನಾಟಕಗಳು ಬೇರೆ ಹಾದಿ ಹಿಡಿದವು. ಟ್ರಿಕ್ ಸೀನುಗಳಲ್ಲಿ ಯಂತ್ರವನ್ನು ಅಡಗಿಸಿ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದವು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಆ ವೈಭವವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹವ್ಯಾಸಿ ರಂಗಭೂಮಿಗೆ ಅಷ್ಟು ಹಣವೂ ಇರಲಿಲ್ಲ, ಆ ಮರೆಮಾಚುವಿಕೆ ಬೇಕಾಗಿಯೂ ಇರಲಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ (1971) ಮತ್ತೆ ತೆರೆ ಹಿಡಿಯಿತು. ಗೆಳೆಯರಾದ ದೇವದತ್ತ, ಕಪಿಲರ ತಲೆ ಅದಲುಬದಲಾಗುವ ಅಸಾಧ್ಯ ಘಟನೆಗೆ ಅಲ್ಲಿ ಮುಖವಾಡಗಳ ಅದಲುಬದಲೇ ಸಾಕು. ಅದು ಹೇಗಾಯಿತೆಂಬ ಕುತೂಹಲ ತಕ್ಷಣ ತಣಿಯುವುದರಿಂದಲೇ ದೊಡ್ಡ ಪ್ರಶ್ನೆಗೆ ಜಾಗ ಸಿಗುತ್ತದೆ: ದೇವದತ್ತನ ಹೆಂಡತಿ ಪದ್ಮಿನಿಗೆ ಈಗ ಗಂಡ ಯಾರು, ತಲೆಯವನೋ ಮೈಯವನೋ? ‘ನಾಗಮಂಡಲ’ದಲ್ಲೂ ಅಷ್ಟೇ. ಹಾವು ರಾಣಿಯ ಗಂಡ ಅಪ್ಪಣ್ಣನಾಗುವುದನ್ನು ನಾವು ಸಲೀಸಾಗಿ ಒಪ್ಪುತ್ತೇವೆ. ಒಪ್ಪಲು ಕಷ್ಟವಾಗುವುದು ರಾಣಿಯನ್ನು ಬೀಗ ಹಾಕಿಟ್ಟ ಮನುಷ್ಯನನ್ನು.

ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ಇನ್ನೂ ಮುಂದೆ ಹೋಗುತ್ತದೆ. ತಪಸ್ಸಿಗೆ ಕೂತ ಶೂದ್ರ ಶಂಬೂಕನನ್ನು ಕೊಲ್ಲಬೇಕಾದ ರಾಮನ ಬ್ರಹ್ಮಾಸ್ತ್ರ, ಅವನ ಮೇಲೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಪವಾಡವೇ ಇಲ್ಲಿ ನ್ಯಾಯಾಧೀಶ. ಈ ಅಸ್ತ್ರವನ್ನು ಬೆಳಕಿನ ಚಮತ್ಕಾರವಾಗಿ ತೋರಿಸಿದರೆ ಚಪ್ಪಾಳೆ ಬೀಳಬಹುದು. ನಟನೊಬ್ಬ ಎಲ್ಲರೆದುರು ಹೊತ್ತು ಓಡಿದರೆ, ಇಷ್ಟು ಕಾಲ ಅದನ್ನು ಯಾರ ಕೈ ಯಾರ ಕಡೆಗೆ ತಿರುಗಿಸಿತ್ತು ಎಂದು ಸಭೆ ಯೋಚಿಸುತ್ತದೆ.

ಆದರೆ ಜನರ ಆಚರಣೆಗಳಿಂದ ಎರವಲು ತರುವಲ್ಲಿ ಒಂದು ತೊಡಕೂ ಇದೆ. ಕೋಲಾರ ಸೀಮೆಯ ದ್ರೌಪದಿ ಕರಗದಲ್ಲಿ ತಿಗಳ ಸಮುದಾಯದ ಪೂಜಾರಿ ಹೆಣ್ಣುಡುಗೆ ತೊಟ್ಟು, ಕೈ ಸೋಕಿಸದೆ ಕರಗ ಹೊರುತ್ತಾನೆ. ನೋಡುವವರಿಗೆ ಅದು ಅಭಿನಯದಂತೆ ಕಂಡೀತು. ಹೊತ್ತವನಿಗೆ ಅದು ವ್ರತ. ಆಚರಣೆಯಿಂದ ಹೆಜ್ಜೆ, ವೇಷ, ವಾದ್ಯಗಳನ್ನು ಎತ್ತಿ ತಂದು ‘ಪ್ರಯೋಗ’ ಎನ್ನುವಾಗ ಆ ಸಮುದಾಯದ ಒಪ್ಪಿಗೆ ಎಲ್ಲಿದೆ? ಕೋಟಿಗಾನಹಳ್ಳಿ ರಾಮಯ್ಯನವರ ಒಡನಾಟದಲ್ಲಿ ತೇರಹಳ್ಳಿ ಬೆಟ್ಟದ ಮೇಲೆ ಬೆಳೆದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ‘ಹುಣ್ಣಿಮೆ ಹಾಡು’ ಈ ಚರ್ಚೆಗೆ ಹತ್ತಿರದ ಉದಾಹರಣೆ: ಅಲ್ಲಿ ನೆಲದ ಜನ ಕೇವಲ ಸಾಮಗ್ರಿಯಲ್ಲ, ಸಭೆಯೂ ಹೌದು.

ಹಾಗಾಗಿ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆ ಇಡುತ್ತೇನೆ. ಪ್ರೊಜೆಕ್ಟರ್, ಎಲ್‌ಇಡಿ ಪರದೆಗಳ ಕಾಲದಲ್ಲಿ ಕಾಣುವ ಕೈಗಳಿಗೆ ಎಲ್ಲಿ ಜಾಗ? ಪುರಾಣವನ್ನು ತಿರುಗಿಸಿ ಹೇಳುವಾಗ ಅದನ್ನು ನಂಬುವವರೊಡನೆ ಮಾತುಕತೆ ಉಳಿಸಿಕೊಳ್ಳುವುದು ಹೇಗೆ? ಕನ್ನಡ, ತಮಿಳು, ತೆಲುಗು ಮೂರೂ ಬಲ್ಲ ಕೆಜಿಎಫ್–ಬಂಗಾರಪೇಟೆಯ ಪ್ರೇಕ್ಷಕರಿಗೆ ನಮ್ಮ ನಾಟಕ ಯಾವ ಭಾಷೆಯಲ್ಲಿ ಮಾತಾಡಬೇಕು?

ಪ್ರಬಂಧ ಓದುವವರಲ್ಲಿ ಒಂದೇ ಕೋರಿಕೆ. ‘ಮಿಥ್’ನ ವ್ಯಾಖ್ಯೆಗಳಲ್ಲೇ ಸಮಯ ಕಳೆಯದೆ, ತಾವು ಕಂಡ ಒಂದು ದೃಶ್ಯವನ್ನಾದರೂ ಬಿಚ್ಚಿ ಹೇಳಿ: ನಟ ಎಲ್ಲಿ ನಿಂತಿದ್ದ, ಪಾತ್ರ ಯಾವ ಗಳಿಗೆಯಲ್ಲಿ ಬಂತು, ಜನ ಯಾಕೆ ನಂಬಿದರು. ಸಿದ್ಧಾಂತ ಅಲ್ಲಿಂದ ಹುಟ್ಟಲಿ.