ತುಮರಿಯ ಸಂಜೆಯನ್ನು ನೋಡುವ ಬಗೆ

(ಬೆಂಗಳೂರಿನ ಶಿವಾಜಿನಗರದಲ್ಲಿ ಸೇರಿದ್ದ ಮಲೆನಾಡಿನ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಾಗರ ತಾಲ್ಲೂಕಿನ ತುಮರಿಯನ್ನು ನಿಮ್ಮಲ್ಲಿ ಬಹಳ ಮಂದಿ ಬಲ್ಲಿರಿ. ಸುತ್ತ ಶರಾವತಿಯ ಹಿನ್ನೀರು, ಬೆನ್ನಿಗೆ ಘಟ್ಟದ ದಟ್ಟ ಕಾಡು. ಜನರ ಮಾತಿನಲ್ಲಿ ಅದು ದ್ವೀಪವೇ. ಸೇತುವೆಯಾದ ಮೇಲೆ ಒಂದು ಸಂಜೆ ನಾವು ಕೆಲವರು ಅಲ್ಲಿಗೆ ಹೋಗಿದ್ದೆವು. ಸೂರ್ಯ ಗುಡ್ಡದ ಮರೆಗೆ ಸರಿದಂತೆ ನೀರು ತಾಮ್ರದ ಬಣ್ಣಕ್ಕೆ, ಅನಂತರ ಬೂದಿಯ ಬಣ್ಣಕ್ಕೆ ತಿರುಗಿತು. ಬಚ್ಚಲೊಲೆಯ ಹೊಗೆ ಅಡಿಕೆ ಮರಗಳ ಮೇಲೆ ತೆಳ್ಳಗೆ ಹಬ್ಬಿತ್ತು. ದೃಶ್ಯ ರಮ್ಯವಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆ ಹಿನ್ನೀರಿನಲ್ಲಿ ಅಲ್ಲಲ್ಲಿ ಸತ್ತ ಮರಗಳ ಬೊಡ್ಡೆಗಳು ನಿಂತಿವೆ. ಈ ದ್ವೀಪ ಪ್ರಕೃತಿ ಮಾಡಿದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಗದ್ದೆ, ತೋಟ, ಗುಡಿ, ದಾರಿಗಳೊಡನೆ ಮುನ್ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ನೆಲ ಮುಳುಗಿತು. ಉಳಿದ ಎತ್ತರದ ನೆಲ ದ್ವೀಪವೆನಿಸಿತು. 1948ರ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಈಗಲೂ ಕಾಣುತ್ತದೆ. ಶರಾವತಿ ಯೋಜನೆಯ ಕಚೇರಿಯಲ್ಲಿ ದುಡಿದ ನಾ. ಡಿಸೋಜ ಅವರು ಈ ನೋವನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಈಗ ಹೊರಗೆ ರಸೆಲ್ ಮಾರುಕಟ್ಟೆಯಲ್ಲಿ ಉರಿಯುತ್ತಿರುವ ದೀಪಗಳಲ್ಲಿ ಆ ನದಿಯ ಪಾಲೂ ಇದೆ. ಬೆಳಕು ಇಲ್ಲಿಗೆ ಬಂತು. ತುಮರಿಯವರ ಪಾಲಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಲಾಂಚು ಉಳಿಯಿತು. ಕತ್ತಲಾದರೆ ಲಾಂಚು ಇಲ್ಲ. ಹೆರಿಗೆಯ ನೋವು ಬಂದವರು, ಹಾವು ಕಚ್ಚಿಸಿಕೊಂಡವರು ಬೆಳಗಿನವರೆಗೆ ಕಾಯಬೇಕು, ಇಲ್ಲವೇ ಕಾಡಿನ ಸುತ್ತುದಾರಿ ಹಿಡಿಯಬೇಕು. ದಶಕಗಳ ಬೇಡಿಕೆಯ ಬಳಿಕ, 2025ರ ಜುಲೈ 14ರಂದು, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅಣೆಕಟ್ಟಾಗಿ ಆಗಲೇ 61 ವರ್ಷ ಕಳೆದಿತ್ತು.

ಸೇತುವೆಯಿಂದ ದ್ವೀಪದ ನೆಮ್ಮದಿ ಕೆಟ್ಟಿತೆಂದು ಪರಿಸರಪ್ರೇಮಿಗಳೇ ಕೆಲವರು ಮರುಗುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ನಾವು ಮೆಚ್ಚಿದ ಆ ನಿಶ್ಶಬ್ದ, ಆಸ್ಪತ್ರೆಗೆ ದಾರಿಯಿಲ್ಲದವರ ನಿಶ್ಶಬ್ದವೂ ಆಗಿತ್ತು. ಪರಿಸರದ ಹೆಸರಿನಲ್ಲಿ ಅವರಿಂದ ಇನ್ನೊಂದು ತ್ಯಾಗವನ್ನು ಕೇಳುವ ಹಕ್ಕು ನಮಗಿಲ್ಲ.

ಹಾಗೆಂದು ಆತಂಕ ಸುಳ್ಳಲ್ಲ. ಸೇತುವೆಯ ಮೇಲೆ ಆಂಬುಲೆನ್ಸ್ ಬರುವಂತೆ ರೆಸಾರ್ಟಿನ ಬಂಡವಾಳವೂ ಬರುತ್ತದೆ, ಪ್ಲಾಸ್ಟಿಕ್ಕೂ ಬರುತ್ತದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ನೀವು ಮರೆತಿರಲಾರಿರಿ. ಅಣೆಕಟ್ಟಿಗಾಗಿ ಮನೆಮಠ ಬಿಟ್ಟ ಎಷ್ಟೋ ಕುಟುಂಬಗಳ ಭೂಹಕ್ಕು ಇಂದಿಗೂ ಇತ್ಯರ್ಥವಾಗಿಲ್ಲ. 1964ರಲ್ಲಿ ಆದ ಅನ್ಯಾಯದ ಮೂಲ ಇಷ್ಟೇ: ನಿರ್ಧಾರ ಊರಿನ ಹೊರಗೆ ಆಯಿತು. ಅದು ಮತ್ತೆ ಆಗಬಾರದು.

ಆದ್ದರಿಂದ ದಡದಲ್ಲಿ ಏನು ಕಟ್ಟಬೇಕು, ಎಷ್ಟು ವಾಹನ ಬರಬೇಕು, ಕಸ ಎಲ್ಲಿಗೆ ಹೋಗಬೇಕು ಎಂಬುದು ಗ್ರಾಮಸಭೆಯಲ್ಲಿ ಚರ್ಚೆಯಾಗಲಿ. ಊರಿನಲ್ಲಿರುವವರು ಆ ಸಭೆಗೆ ತಪ್ಪದೆ ಹೋಗಿರಿ. ನಗರದಲ್ಲಿ ಓದುತ್ತಿರುವ ನೀವು ರಜೆಯಲ್ಲಿ ಗೆಳೆಯರನ್ನು ಹಿನ್ನೀರು ತೋರಿಸಲು ಕರೆದೊಯ್ಯುವಿರಿ. ತಂದ ಕಸವನ್ನು ಹಿಂದಕ್ಕೆ ಒಯ್ಯಿರಿ. ಊರಿನವರ ಅಂಗಡಿಯಲ್ಲೇ ಊಟ ಮಾಡಿರಿ. ಫೋಟೊ ತೆಗೆಯುವ ಮೊದಲು, ಈ ನೀರಿನ ಕೆಳಗೆ ಯಾವ ಊರಿತ್ತು ಎಂದು ಅಲ್ಲಿಯ ಹಿರಿಯರೊಬ್ಬರನ್ನು ಕೇಳಿರಿ. ಹೇಳಬಲ್ಲವರು ಇನ್ನೂ ಇದ್ದಾರೆ. ಅವರು ಹೇಳಿದ್ದನ್ನು ಬರೆದಿಡಿರಿ.