ಆರು ತಂತಿಯ ಸಖ್ಯ

(ಬಾನುಲಿ ಭಾಷಣ)

ಸಂಗೀತವೆಂದೊಡನೆ ನಮ್ಮ ಮನಸ್ಸಿನ ಮುಂದೆ ನಿಲ್ಲುವ ಚಿತ್ರ ವಿದ್ವಾಂಸರದು. ಗುರುವಿನ ಮನೆಯಲ್ಲಿ ಹತ್ತಾರು ವರ್ಷ ಕಲಿತು, ಬೆಳಗಿನ ಜಾವದ ಸಾಧನೆಯಿಂದ ಕಂಠವನ್ನೋ ಕೈಯನ್ನೋ ಪಳಗಿಸಿ, ಗುರುವಿನ ಅಪ್ಪಣೆ ದೊರೆತ ಮೇಲೆ ವೇದಿಕೆಯೇರುವವರ ಚಿತ್ರ ಅದು. ಅರೆಬೆಂದ ವಿದ್ಯೆಯನ್ನು ಸಭೆಗೆ ಬಡಿಸಬಾರದೆಂಬುದು ನಮ್ಮ ಸಂಪ್ರದಾಯದ ಕಟ್ಟುನಿಟ್ಟು. ಈ ಕಟ್ಟುನಿಟ್ಟಿನಿಂದಲೇ ನಮ್ಮ ಸಂಗೀತ ಇಷ್ಟು ಎತ್ತರಕ್ಕೆ ಬೆಳೆದಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಎಂದೂ ವಿದ್ವಾಂಸನಾಗದ, ಆಗಬೇಕೆಂಬ ಹಂಬಲವೂ ಇಲ್ಲದ, ಆದರೆ ನುಡಿಸದೆ ಇರಲಾರದ ಸಾಮಾನ್ಯ ಮನುಷ್ಯನಿಗೆ ಸಂಗೀತದಲ್ಲಿ ಯಾವ ಸ್ಥಾನ? ಅವನು ಕೊನೆಯವರೆಗೂ ಬರಿಯ ಕೇಳುಗನಾಗಿಯೇ ಉಳಿಯಬೇಕೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕೇಳುಗ ಮಿತ್ರರೆ, ಈ ಹೊತ್ತು ಹವ್ಯಾಸಿ ಗಿಟಾರು ವಾದಕರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹವ್ಯಾಸಿ ಎಂಬ ಮಾತು ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದ ಕಾಲದಿಂದಲೂ, ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗವಿದ್ದವರು ಸಂಜೆಯ ಹೊತ್ತು ಬಣ್ಣ ಹಚ್ಚಿ ರಂಗಕ್ಕೆ ಬಂದದ್ದನ್ನು ನಮ್ಮ ನಾಡು ಕಂಡಿದೆ. ಭೂವಿಜ್ಞಾನವನ್ನು ಓದಿ ಬಂದ ಕೈಲಾಸಂ ಅವರ ನಾಟಕಗಳಿಗೆ ಇಂಥವರೇ ಬಾಯಿಯಾದರು. ಅಮೆಚೂರ್ ಎಂಬ ಆ ಇಂಗ್ಲಿಷ್ ಶಬ್ದದ ಬೇರನ್ನು ಹುಡುಕಿ ಹೋದರೆ ಲ್ಯಾಟಿನ್ ಭಾಷೆಯಲ್ಲಿ 'ಪ್ರೀತಿಸು' ಎಂಬ ಅರ್ಥದ ಧಾತು ಸಿಗುತ್ತದೆ. ಹಣಕ್ಕಲ್ಲ, ಹೆಸರಿಗಲ್ಲ, ಪ್ರೀತಿಗೆ ಮಾಡುವವನು ಎಂದು ಅದರ ಮೂಲಾರ್ಥ. ಕಾಲಕ್ರಮದಲ್ಲಿ ಅದಕ್ಕೆ 'ಪೂರ್ತಿ ಬಾರದವನು' ಎಂಬ ಇನ್ನೊಂದು ಅರ್ಥವೂ ಅಂಟಿಕೊಂಡಿತು. ಗಿಟಾರು ಈ ಎರಡು ಅರ್ಥಗಳನ್ನೂ ಒಟ್ಟಿಗೆ ಹೊತ್ತುಕೊಂಡು ನಗುನಗುತ್ತಾ ನಡೆಯುವ ವಾದ್ಯ.

ಇಂದು ನಾವು ಕಾಣುವ ಗಿಟಾರಿಗೆ ಹೆಚ್ಚು ಕಡಿಮೆ ಈ ಆಕಾರ ಬಂದದ್ದು 19ನೆಯ ಶತಮಾನದಲ್ಲಿ, ಸ್ಪೇನ್ ದೇಶದ ಆಂಟೋನಿಯೊ ದೆ ಟೋರೆಸ್ ಎಂಬ ಕುಶಲಿಯ ಕೈಯಲ್ಲಿ. ನಡು ಸಣ್ಣಗಿರುವ ಮರದ ಒಡಲು, ಉದ್ದನೆಯ ಕತ್ತು, ಕತ್ತಿನ ಮೇಲೆ ವೀಣೆಗಿರುವಂತೆ ಮೆಟ್ಟಿಲುಗಳು, ಆರು ತಂತಿ. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಬೆನ್ನಿಗೊಂದು ಬರುತ್ತವೆ. ಗಿಟಾರಿನಲ್ಲಿ ಹಲವು ಸ್ವರಗಳು ಒಂದೇ ಉಸಿರಿಗೆ ಒಟ್ಟಾಗಿ ಹೊರಡುತ್ತವೆ. ಷಡ್ಜ, ಗಾಂಧಾರ, ಪಂಚಮಗಳನ್ನು ಒಮ್ಮೆಲೇ ಮೀಟಿದರೆ ಬರುವ ಸ್ವರಗುಚ್ಛಕ್ಕೆ ಅವರು 'ಕಾರ್ಡು' ಎನ್ನುತ್ತಾರೆ. ಇದು ಅಂಚೆಯವನು ತರುವ ಕಾರ್ಡಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಷಡ್ಜದ ಮೇಲೆ ಒಂದು, ಮಧ್ಯಮದ ಮೇಲೆ ಒಂದು, ಪಂಚಮದ ಮೇಲೆ ಒಂದು, ಹೀಗೆ ಮೂರು ಕಾರ್ಡುಗಳು ಕೈಗೆ ಬಂದರೆ ಸಾಕು. ಸಾವಿರಾರು ಸರಳವಾದ ಹಾಡುಗಳಿಗೆ ಜೊತೆ ನೀಡಬಹುದು.

ಈ ವಾದ್ಯದ ಸಾಮಾಜಿಕ ರಹಸ್ಯವೆಲ್ಲ ಇಲ್ಲಿಯೇ ಅಡಗಿದೆಯೆಂದು ನನ್ನ ಭಾವನೆ. ಪಿಟೀಲನ್ನು ಮೂರು ತಿಂಗಳು ಕಲಿತವನು ಮನೆಯವರ ಸಹನೆಯನ್ನು ಪರೀಕ್ಷಿಸಬಲ್ಲನೇ ಹೊರತು ಮತ್ತೊಬ್ಬರಿಗೆ ನೆರವಾಗಲಾರ. ಮೂರು ತಿಂಗಳು ಗಿಟಾರು ಹಿಡಿದವನಾದರೋ ತಂಗಿ ಹಾಡುವ ಹಾಡಿಗೆ ಆಸರೆಯಾಗಬಲ್ಲ. ಅರ್ಧ ಕಲಿತವನೂ ಇನ್ನೊಬ್ಬರಿಗೆ ಬೇಕಾದವನಾಗುವ ಅಪೂರ್ವವಾದ ಅವಕಾಶವನ್ನು ಈ ವಾದ್ಯ ಕೊಡುತ್ತದೆ.

ಹಾಗೆಂದು ಅದು ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ. ಉಕ್ಕಿನ ತಂತಿಯನ್ನು ಒತ್ತಿ ಒತ್ತಿ ಎಡಗೈಯ ಬೆರಳ ತುದಿಗಳು ಮೊದಲು ಕೆಂಪಾಗಿ, ಆಮೇಲೆ ಸಿಪ್ಪೆ ಸುಲಿದು, ಕಡೆಗೆ ಜಡ್ಡುಗಟ್ಟುತ್ತವೆ. ತೋರುಬೆರಳೊಂದನ್ನೇ ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯಬೇಕಾದ 'ಎಫ್' ಎಂಬ ಒಂದು ಕಾರ್ಡು ಇದೆ. ಎಷ್ಟೋ ಮಂದಿಯ ಉತ್ಸಾಹ ಆ ಗುಡ್ಡದ ಬುಡದಲ್ಲಿಯೇ ಮುಗಿದು, ಗಿಟಾರು ಅಟ್ಟ ಸೇರುತ್ತದೆ. ಅದನ್ನು ದಾಟಿದವರು ತಮ್ಮ ಜಡ್ಡುಗಟ್ಟಿದ ಬೆರಳುಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವುದನ್ನು ನೋಡಿದರೆ, ಒಂದೇ ಸುಗ್ಗಿಯಲ್ಲಿ ದುಡಿದ ಒಕ್ಕಲು ಮಕ್ಕಳ ಹೆಮ್ಮೆ ನೆನಪಿಗೆ ಬರುತ್ತದೆ.

ಇಂಗ್ಲೆಂಡಿನಲ್ಲಿ 1956ರ ಸುಮಾರಿಗೆ ಸ್ಕಿಫಲ್ ಎಂಬ ಸಂಗೀತದ ಗಾಳಿ ಎದ್ದಿತು. ಲೋನಿ ಡಾನಗನ್ ಎಂಬ ಗಾಯಕನ ಹಾಡನ್ನು ಕೇಳಿದ ಸಾವಿರಾರು ಹುಡುಗರು ಅಗ್ಗದ ಗಿಟಾರುಗಳನ್ನು ಕೊಂಡರು. ಬಟ್ಟೆ ಒಗೆಯುವ ಹಲಗೆ ಅವರ ತಾಳವಾದ್ಯವಾಯಿತು. ಚಹದ ಪೆಟ್ಟಿಗೆಗೆ ಪೊರಕೆಯ ಕೋಲು ಸಿಕ್ಕಿಸಿ ಒಂದು ಹುರಿ ಕಟ್ಟಿದರೆ ಮಂದ್ರದ ವಾದ್ಯ ಸಿದ್ಧವಾಯಿತು. ಲಿವರ್‌ಪೂಲ್ ನಗರದ ಅಂಥ ಒಂದು ಹುಡುಗರ ತಂಡ 1957ರ ಜುಲೈ 6ರಂದು ಚರ್ಚಿನ ಜಾತ್ರೆಯೊಂದರಲ್ಲಿ ನುಡಿಸುತ್ತಿತ್ತು. ತಂಡದ ನಾಯಕನಿಗೆ ಗಿಟಾರಿನ ಮೇಲೆ ಗೊತ್ತಿದ್ದುದು ಅವನ ತಾಯಿ ಕಲಿಸಿದ್ದ ಬ್ಯಾಂಜೋ ವಾದ್ಯದ ಕಾರ್ಡುಗಳು. ಅಂದು ನೋಡಲು ಬಂದಿದ್ದ 15 ವರ್ಷದ ಇನ್ನೊಬ್ಬ ಹುಡುಗ ಗಿಟಾರಿನ ಶ್ರುತಿ ಕೂಡಿಸಿ ತೋರಿಸಿದ, ಸ್ನೇಹ ಕುದುರಿತು. ಆ ನಾಯಕ ಜಾನ್ ಲೆನನ್, ಬಂದವನು ಪಾಲ್ ಮ್ಯಾಕಾರ್ಟ್ನಿ. ಮುಂದೆ ಅವರು ಬೀಟಲ್ಸ್ ಎಂದು ಜಗದ್ವಿಖ್ಯಾತರಾದದ್ದು ಬೇರೆ ಕಥೆ. ನನಗೆ ಹೆಚ್ಚು ಪ್ರಿಯವಾದುದು ಆ ದಿನಗಳ ಇನ್ನೊಂದು ಪ್ರಸಂಗ. ಮ್ಯಾಕಾರ್ಟ್ನಿಗೂ ಅವನ ಗೆಳೆಯ ಜಾರ್ಜ್ ಹ್ಯಾರಿಸನ್‌ನಿಗೂ ಎರಡು ಕಾರ್ಡು ಗೊತ್ತಿದ್ದವು. ಅವಕ್ಕೆ ಹೊಂದುವ ಮೂರನೆಯದು, 'ಬಿ ಸೆವೆನ್' ಎಂಬುದು, ತಿಳಿದಿರಲಿಲ್ಲ. ಊರಿನ ಇನ್ನೊಂದು ಮೂಲೆಯಲ್ಲಿ ಒಬ್ಬನಿಗೆ ಅದು ಬರುತ್ತದೆಂದು ಸುದ್ದಿ ಬಂತು. ಹುಡುಗರು ಬಸ್ಸು ಹತ್ತಿ, ಊರು ದಾಟಿ, ಅಪರಿಚಿತನ ಬಾಗಿಲು ತಟ್ಟಿ, ಆ ಒಂದು ಕಾರ್ಡನ್ನು ಕಲಿತು ಮನೆಗೆ ಮರಳಿದರು. ಅವನು ಶುಲ್ಕ ಕೇಳಲಿಲ್ಲ, ಗುರುವೆನಿಸಿಕೊಳ್ಳಲೂ ಇಲ್ಲ. ತನಗೆ ಗೊತ್ತಿದ್ದುದನ್ನು ತೋರಿಸಿ ಕಳಿಸಿದ. ಚರಿತ್ರೆ ಅವನ ಹೆಸರನ್ನು ಬರೆದಿಡಲಿಲ್ಲ. ಹವ್ಯಾಸಿಗಳ ಲೋಕ ನಿಂತಿರುವುದು ಇಂಥ ಹೆಸರಿಲ್ಲದವರ ಔದಾರ್ಯದ ಮೇಲೆ.

ನಮ್ಮ ನಾಡಿಗೆ ಗಿಟಾರು ಬಂದ ದಾರಿಗಳು ಹಲವು. ಬೆಂಗಳೂರಿನ ದಂಡುಪ್ರದೇಶ, ಕೋಲಾರದ ಚಿನ್ನದ ಗಣಿಯ ವಸತಿಗಳು, ಚರ್ಚುಗಳು, ಹುಬ್ಬಳ್ಳಿಯಂಥ ಊರುಗಳ ರೈಲ್ವೆ ಕಾಲೋನಿಗಳು ಅವುಗಳಲ್ಲಿ ಮುಖ್ಯವಾದವು. ಆಂಗ್ಲೋ-ಇಂಡಿಯನ್ ಕುಟುಂಬಗಳ ಹಜಾರದಿಂದ ಅದು ನೆರೆಹೊರೆಯ ಹುಡುಗರ ಕೈಗೆ ಇಳಿಯಿತು. ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರು ರೈಲ್ವೆಯ ಒಬ್ಬ ನಿವೃತ್ತ ಗಾರ್ಡು. ಬಾಲ್ಯದಲ್ಲಿ ಹುಬ್ಬಳ್ಳಿಯ ಕಾಲೋನಿಯಲ್ಲಿ, ಎಂಜಿನ್ ಓಡಿಸುತ್ತಿದ್ದ ನೆರೆಯವರೊಬ್ಬರ ಕಾಲ ಬುಡದಲ್ಲಿ ಕುಳಿತು ಕಲಿತವರು. ಶನಿವಾರ ಸಂಜೆಯಾಯಿತೆಂದರೆ ಅವರ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರುತ್ತಾರೆ. ಅಂಚೆ ಕಚೇರಿಯ ಒಬ್ಬ ಗುಮಾಸ್ತರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ತರುಣ, ಪ್ರಾಥಮಿಕ ಶಾಲೆಯ ಒಬ್ಬ ಉಪಾಧ್ಯಾಯಿನಿ, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ. ಹೊರಗೆ ಇವರಿಗೆ ಪರಸ್ಪರ ಯಾವ ಸಂಬಂಧವೂ ಇಲ್ಲ.

ಅವರ ಮೊದಲ ಕಾರ್ಯವೇ ಶ್ರುತಿ ಸೇರಿಸುವುದು. ಆರನೆಯ ತಂತಿಯನ್ನು 5ನೆಯ ಮೆಟ್ಟಿಲಿನಲ್ಲಿ ಒತ್ತಿದರೆ ಐದನೆಯ ತಂತಿಯ ಧ್ವನಿ ಬರಬೇಕು. ಹೀಗೆಯೇ ಒಂದರಿಂದ ಒಂದಕ್ಕೆ ಹೋಗುವುದು, ನಡುವೆ ಒಂದೆಡೆ ಮಾತ್ರ 4ನೆಯ ಮೆಟ್ಟಿಲು. ವಿದ್ಯಾರ್ಥಿಯ ಬಳಿ ಗಿಟಾರಿನ ತಲೆಗೆ ಕಚ್ಚಿಸುವ ಒಂದು ಸಣ್ಣ ಯಂತ್ರವಿದೆ. ಜಗತ್ತೆಲ್ಲ ಒಪ್ಪಿದ ಶ್ರುತಿಯನ್ನು ಅದು ಚಾಚೂ ತಪ್ಪದೆ ತೋರಿಸುತ್ತದೆ. ಆದರೆ ಗಾರ್ಡ್ ಸಾಹೇಬರ ಗಿಟಾರು ಬಲು ಹಳೆಯದು. ತಂತಿಗಳನ್ನು ಪೂರ್ತಿ ಶ್ರುತಿಗೆ ಬಿಗಿದರೆ ಅದರ ಕುದುರೆ ಹಲಗೆಯಿಂದ ಎದ್ದುಬರುವ ಭಯ. ಆದ್ದರಿಂದ ಅದು ಒಂದು ಸ್ವರದಷ್ಟು ಕೆಳಗೇ ನಿಲ್ಲಬೇಕು. ಒಂದು ದಿನ ಹೊಸಬನೊಬ್ಬ ಬಂದು, "ಅಂಕಲ್, ನಿಮ್ಮದು ಶ್ರುತಿ ತಪ್ಪಿದೆ" ಎಂದ. ಉಪಾಧ್ಯಾಯಿನಿ ತಮ್ಮ ಬಿರಡೆ ತಿರುಗಿಸುತ್ತಲೇ, "ತಪ್ಪಿಲ್ಲಪ್ಪ, ನಾವಿನ್ನೂ ಇಳಿದಿಲ್ಲ, ಅಷ್ಟೆ" ಎಂದರು. ಎಲ್ಲರೂ ತಮ್ಮ ತಮ್ಮ ಗಟ್ಟಿಮುಟ್ಟಾದ ಗಿಟಾರುಗಳನ್ನು ಆ ಮುದಿ ಗಿಟಾರಿನ ಮಟ್ಟಕ್ಕೆ ಇಳಿಸಿಕೊಳ್ಳುತ್ತಾರೆ. ಕೂಟದಲ್ಲಿ ಎಲ್ಲರಿಗಿಂತ ದುರ್ಬಲನಾದವನೇ ಆಧಾರಶ್ರುತಿಯಾಗುವ ಈ ನ್ಯಾಯವನ್ನು ನಾನು ಬೇರೆ ಸಭೆಗಳಲ್ಲಿ ಹೆಚ್ಚಾಗಿ ಕಂಡಿಲ್ಲ.

ಈ ಗೆಳೆತನಕ್ಕೆ ತನ್ನದೇ ಆದ ನಡವಳಿಕೆಯೊಂದಿದೆ. ತಂತಿ ಕಡಿದರೆ ಇನ್ನೊಬ್ಬರ ಚೀಲದಿಂದ ತಂತಿ ಬರುತ್ತದೆ, ಲೆಕ್ಕವಿಡುವವರಿಲ್ಲ. ತಪ್ಪಿದವನಿಗಾಗಿ ಉಳಿದವರು ಲಯ ಕೆಡಿಸದೆ ಸುತ್ತುತ್ತಿರುತ್ತಾರೆ. ದಾರಿ ಸಿಕ್ಕಲ್ಲಿ ಅವನು ಬಂದು ಸೇರಿಕೊಳ್ಳುತ್ತಾನೆ. ಜಗಳಗಳೂ ಇಲ್ಲದಿಲ್ಲ. ಹಳೆಯ ಚಿತ್ರಗೀತೆಯೇ ಬೇಕೆಂದು ಒಬ್ಬರು, ಅದೇ ಅದೇ ಹಾಡು ಸಾಕೆಂದು ಇನ್ನೊಬ್ಬರು. ಚಹ ಬಂದೊಡನೆ ವ್ಯಾಜ್ಯ ಮುಂದಿನ ಶನಿವಾರಕ್ಕೆ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಅಂಚೆ ಕಚೇರಿಯ ಗುಮಾಸ್ತರು ಸ್ಕೂಟರಿನಿಂದ ಬಿದ್ದು ಎಡಗೈಗೆ ಪೆಟ್ಟು ಮಾಡಿಕೊಂಡರು. ಮೂಳೆ ಕೂಡಿತಾದರೂ ಬೆರಳುಗಳು ಮೊದಲಿನಂತೆ ಬಾಗದಾದವು. ಅವರು ಬರುವುದನ್ನೇ ನಿಲ್ಲಿಸಿದರು. ವಿದ್ಯಾರ್ಥಿ ಅವರ ಮನೆಗೆ ಹೋಗಿ, ಫ್ರಾನ್ಸಿನ ಜಾಂಗೋ ರೈನ್‌ಹಾರ್ಟ್ ಎಂಬ ಮಹಾವಾದಕನ ಕಥೆ ಹೇಳಿದನಂತೆ. 1928ರಲ್ಲಿ ಬೆಂಕಿಯ ಅನಾಹುತಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ನಿಷ್ಪ್ರಯೋಜಕವಾದರೂ ಉಳಿದ ಎರಡರಿಂದಲೇ ಲೋಕವನ್ನು ಬೆರಗುಗೊಳಿಸಿದವನು ಆತ. ಗುಮಾಸ್ತರು ನಕ್ಕು, "ಅವನು ಮಹಾಪುರುಷ ಕಣಯ್ಯ, ನಾನು ರಿಜಿಸ್ಟರ್ ಕಾಗದಕ್ಕೆ ಮೊಹರು ಒತ್ತುವವನು" ಎಂದರಂತೆ. ಅವರ ಮಾತಿನಲ್ಲಿ ಸತ್ಯವಿತ್ತು. ಪ್ರತಿಭಾವಂತರ ಉದಾಹರಣೆಗಳು ಸಾಮಾನ್ಯರಿಗೆ ಯಾವಾಗಲೂ ಸಾಂತ್ವನವಾಗುವುದಿಲ್ಲ.

ಅವರಿಗೆ ಬೇಕಾಗಿದ್ದುದು ಉಪದೇಶವಲ್ಲ, ಉಪಾಯ. ಅದನ್ನು ಕಂಡುಹಿಡಿದವರು ಗಾರ್ಡ್ ಸಾಹೇಬರು. ಗುಮಾಸ್ತರ ಗಿಟಾರನ್ನು ತರಿಸಿ, ಮೂರು ತಂತಿಗಳನ್ನು ಒಂದೊಂದು ಸ್ವರ ಇಳಿಸಿದರು. ಹೀಗೆ ಮಾಡಿದಾಗ ಯಾವ ಬೆರಳನ್ನೂ ಒತ್ತದೆ ಬರಿದೆ ಮೀಟಿದರೂ ಒಂದು ಪೂರ್ಣ ಕಾರ್ಡು ನುಡಿಯುತ್ತದೆ. ಬಿರಡೆಗಳ ಬುಡದಲ್ಲಿ ತಂತಿಗಳ ಅಡಿಗೆ ಒಂದು ಪೆನ್ಸಿಲ್ ತುಂಡನ್ನು ಸೇರಿಸಿ ತಂತಿಗಳನ್ನು ಎತ್ತರಿಸಿದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಮೋಟಾರು ಮೆಕ್ಯಾನಿಕ್ಕನಿಂದ ತಂದ ಉಕ್ಕಿನ ಸಾಕೆಟ್ಟೊಂದನ್ನು ಗುಮಾಸ್ತರ ಎಡಗೈಗೆ ಕೊಟ್ಟರು. ಅದನ್ನು ತಂತಿಗಳ ಮೇಲೆ ಜಾರಿಸಿ 5ನೆಯ ಮೆಟ್ಟಿಲಿಗೆ ತಂದರೆ ಮಧ್ಯಮದ ಕಾರ್ಡು, 7ನೆಯದಕ್ಕೆ ತಂದರೆ ಪಂಚಮದ ಕಾರ್ಡು. ಬೆರಳು ಬಾಗಬೇಕಾಗಿಲ್ಲ. ಮೂರು ಕಾರ್ಡೂ ಅವರಿಗೆ ಮರಳಿ ದೊರೆತವು. ಆಗ ಅವರ ಕಣ್ಣು ಒದ್ದೆಯಾಯಿತೆಂದು ಉಪಾಧ್ಯಾಯಿನಿ ಹೇಳುತ್ತಾರೆ. ಸಾಕೆಟ್ಟಿನ ಗ್ರೀಸು ಕಣ್ಣಿಗೆ ತಾಗಿತೆಂದು ಗುಮಾಸ್ತರು ಹೇಳುತ್ತಾರೆ.

ಈ ಉಪಾಯ ಗಾರ್ಡ್ ಸಾಹೇಬರ ಸ್ವಂತದ್ದಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬ ತರುಣ ಈ ವಿಧಾನವನ್ನು ರೂಢಿಗೆ ತಂದನೆಂದು ಪ್ರಸಿದ್ಧಿ. ಅಲ್ಲಿಂದ ಹೊರಟ ಕಲಾವಿದರಲ್ಲಿ ಟಾವ್ ಮೋ ಎಂಬುವರು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಅದನ್ನು ಹರಡಿದರು. ಬಂಗಾಳದ ಮನೆಮನೆಗಳಲ್ಲಿ ರವೀಂದ್ರ ಸಂಗೀತ ಗಿಟಾರಿನ ಮೇಲೆ ಜಾರತೊಡಗಿತು. ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ಅದನ್ನು ಮೋಹನವೀಣೆಯಾಗಿ ಮಾರ್ಪಡಿಸಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ತಂತಿಯ ಮೇಲೆ ಜಾರಿಸುವ ಈ ತತ್ತ್ವ ನಮ್ಮ ಗೋಟುವಾದ್ಯಕ್ಕೂ ವಿಚಿತ್ರವೀಣೆಗೂ ಹಳೆಯ ಪರಿಚಯವೇ. ಸಾಗರಗಳನ್ನು ದಾಟಿ ಬಂದ ವಿದ್ಯೆ ಒಬ್ಬ ಗುಮಾಸ್ತರ ಮಡಿಲಲ್ಲಿ ಹೀಗೆ ಬಂದು ಕುಳಿತಿತು.

ಇಂದು ಬಿ ಸೆವೆನ್ ಕಾರ್ಡಿಗಾಗಿ ಯಾರೂ ಬಸ್ಸು ಹತ್ತಬೇಕಾಗಿಲ್ಲ. ಅಂಗೈಯಲ್ಲಿರುವ ಫೋನು ನೂರು ಗುರುಗಳನ್ನು ತೋರಿಸುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ 2020ರಲ್ಲಿ ಕೊರೋನಾ ಕಾರಣದಿಂದ ಎಲ್ಲರೂ ಮನೆಯಲ್ಲಿ ಬಂದಿಗಳಾದಾಗ ಈ ಸ್ನೇಹಿತರು ಫೋನಿನ ಮೂಲಕವೇ ಕೂಡಿ ನುಡಿಸಲು ಯತ್ನಿಸಿದರು. ಮುಖಗಳು ಕಂಡವು, ಮಾತು ಕೇಳಿಸಿತು, ಸಂಗೀತ ಮಾತ್ರ ಕೂಡಲಿಲ್ಲ. ಒಬ್ಬರು ಮೀಟಿದ ಧ್ವನಿ ಇನ್ನೊಬ್ಬರಿಗೆ ಮುಟ್ಟುವಾಗ ಕ್ಷಣದ ಒಂದು ಅಂಶ ತಡವಾಗುತ್ತದೆ. ಮಾತಿಗೆ ಅಷ್ಟು ತಡ ಲೆಕ್ಕಕ್ಕಿಲ್ಲ. ಲಯಕ್ಕೆ ಅದು ಪ್ರಾಣಾಂತಿಕ. ಕಲಿಯುವುದನ್ನು ದೂರದಿಂದ ಕಲಿಯಬಹುದು, ಆದರೆ ಕೂಡಿ ನುಡಿಸಲು ಒಂದೇ ಕೋಣೆಯ ಗಾಳಿ ಬೇಕು ಎಂಬುದನ್ನು ಆ ವರ್ಷ ಅವರಿಗೆ ಮನಗಾಣಿಸಿತು.

ಉತ್ತಮ ಸಂಗೀತ ಬೆರಳ ತುದಿಯಲ್ಲೇ ಸಿಗುವಾಗ ಈ ಅಲ್ಪಸ್ವಲ್ಪದ ಸಂಗೀತವೇಕೆ ಎಂದು ಕೇಳುವವರಿದ್ದಾರೆ. ಹೋಟೆಲಿನಲ್ಲಿ ಇನ್ನೂ ರುಚಿಯಾಗಿ ಮಾಡುತ್ತಾರೆಂದು ನಾವು ಮನೆಯ ಒಲೆಯನ್ನು ಆರಿಸುವುದಿಲ್ಲ. ತನ್ನ ಕೈಯಿಂದ ಒಂದು ಸ್ವರವನ್ನು ಹುಟ್ಟಿಸಲು ಹೆಣಗಿದವನಿಗೆ ವಿದ್ವಾಂಸರ ಒಂದು ಸ್ವರದ ಬೆಲೆ ಗೊತ್ತಾಗುತ್ತದೆ. ಹವ್ಯಾಸಿಗಳಿಲ್ಲದ ನಾಡಿನಲ್ಲಿ ವಿದ್ವಾಂಸರಿಗೆ ಪ್ರೇಕ್ಷಕರು ಸಿಕ್ಕಾರು, ರಸಿಕರು ಸಿಗುವುದು ಕಷ್ಟ. ಅದಕ್ಕಿಂತಲೂ ಮುಖ್ಯವಾದ ಮಾತೆಂದರೆ, ಪೂರ್ತಿ ಬಾರದವರು ಒಬ್ಬರನ್ನೊಬ್ಬರು ಕಾದು, ಇಳಿದು, ಆತು ನಡೆಯುವ ಒಂದು ಪುಟ್ಟ ಸಮಾಜ ಅಲ್ಲಿ ಕಟ್ಟಿಕೊಳ್ಳುತ್ತದೆ. ನಿಮ್ಮ ಮನೆಯ ಅಟ್ಟದ ಮೇಲೆ ಗಿಟಾರೋ, ಹಾರ್ಮೋನಿಯಮ್ಮೋ, ಕೊಳಲೋ ಧೂಳು ತಿನ್ನುತ್ತಿದ್ದರೆ, ಕೇಳುಗ ಮಿತ್ರರೆ, ಅದನ್ನು ಕೆಳಗಿಳಿಸಿ ಒರೆಸಿ. ನೆರೆಮನೆಯಲ್ಲಿ ಇನ್ನೊಬ್ಬ ಅರೆಗಲಿತವರು ಖಂಡಿತ ಇದ್ದಾರೆ. ಅವರ ಬಾಗಿಲು ತಟ್ಟಿರಿ.